ಕೂಸಿಗೆ ನೀರೆರೆಯುವ ಕಾಲು

ವಿಮಾನ ಹತ್ತುವ ಮುಂಚಿನ ಮೂರು ವಾರ ನಮ್ಮವ್ವ ದಿನವೂ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಿಕೊಂಡಳು. ಬೆಳಗ್ಗೆ ಸ್ನಾನಕ್ಕೆ ಮೊದಲು ಒಮ್ಮೆ, ಸಂಜೆ ದೀಪ ಹಚ್ಚಿದ ಮೇಲೆ ಇನ್ನೊಮ್ಮೆ. ಹರಳೆಣ್ಣೆ ಬಿಸಿ ಮಾಡಿಕೊಂಡು, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಯಾರಿಗೂ ಕಾಣದ ಹಾಗೆ ಕೂತು ತಿಕ್ಕುತ್ತಿದ್ದಳು. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆ ಅಷ್ಟೇನೂ ದೊಡ್ಡದಲ್ಲ. ಬಾಗಿಲು ಮುಚ್ಚಿದರೆ ಹರಳೆಣ್ಣೆಯ ವಾಸನೆ ಒಳಗೇ ನಿಲ್ಲುತ್ತದೆಯೇ? ಏನವ್ವ ಅದು ಅಂತ ಕೇಳಿದರೆ "ಚರ್ಮ ಒಣಗೈತಪ್ಪ" ಅನ್ನುತ್ತಿದ್ದಳು. ನಾನೂ ನಂಬಿದವನಂತೆ ಅಂಗಡಿಗೆ ಹೋಗುತ್ತಿದ್ದೆ.

ಈ ಕಾಲಿನ ಕತೆ ಮೊದಲು ಹೇಳಬೇಕು. ಅವ್ವ ಮುಕ್ಕಾಲು ಆಯುಷ್ಯ ಕಳೆದದ್ದು ಹರಿಹರದಲ್ಲಿ, ದೊಡ್ಡ ದೇವಸ್ಥಾನದ ಹಿಂದಿನ ಓಣಿಯಲ್ಲಿ. ಆ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ನೀರೆರೆಯಲು ಅವ್ವನನ್ನೇ ಕರೆಯುತ್ತಿದ್ದರು. ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, ಸೀರೆಯನ್ನು ಮೊಣಕಾಲಿನ ತನಕ ಸರಿಸಿ, ಎರಡೂ ಕಾಲು ನೀಡಿ ಜೋಡಿಸಿಕೊಳ್ಳುತ್ತಿದ್ದಳು. ಆ ಕಾಲುಗಳ ಮೇಲೆ ಕೂಸನ್ನು ಮೊದಲು ಬೋರಲು ಮಲಗಿಸಿ ಬೆನ್ನಿಗೆ ಎಣ್ಣೆ, ಆಮೇಲೆ ಅಂಗಾತ ಮಲಗಿಸಿ ಎದೆಗೆ, ಹೊಟ್ಟೆಗೆ. ಕಡಲೆಹಿಟ್ಟು ತಿಕ್ಕಿ ಚೊಂಬಿನಿಂದ ಬಿಸಿನೀರು ಸುರಿಯುವಾಗ ಕೂಸು ಓಣಿಗೆಲ್ಲ ಕೇಳುವ ಹಾಗೆ ಕಿರುಚುತ್ತಿತ್ತು. ಎಷ್ಟು ಕಿರುಚಲಿ, ಒದೆಯಲಿ, ಎರೆಯುವವಳ ಕಾಲು ಅಲ್ಲಾಡಬಾರದು. ಅದೇ ಅವ್ವನ ವಿದ್ಯೆ. ನಾನು, ನನ್ನ ತಂಗಿ, ನನ್ನ ಇಬ್ಬರು ಮಕ್ಕಳು ಎಲ್ಲ ಆ ಕಾಲಿನ ಮೇಲೆ ಮಿಂದು ಬೆಳೆದವರೇ. ಹರಿಹರದ ಸಂತೆಯಲ್ಲಿ ಈಗಲೂ ಮೀಸೆ ಬಂದ ಗಂಡಸರು "ಅಮ್ಮಾ, ನಂಗೂ ನೀವೇ ಎರದಿದ್ರಂತೆ" ಅಂತ ಮಾತಾಡಿಸುತ್ತಾರೆ. ಅವ್ವ ಅವರ ನೆತ್ತಿ ನೋಡಿ, ಇವನ ತಲೆ ನಾನೇ ದುಂಡಗೆ ಮಾಡಿದ್ದು ಅಂತ ನಮ್ಮ ಕಡೆ ತಿರುಗಿ ಹೇಳುತ್ತಾಳೆ.

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ದಾವಣಗೆರೆಗೆ ಕರೆದುಕೊಂಡು ಬಂದೆ. ಇಲ್ಲಿಯೂ ಸುತ್ತಲಿನ ಮನೆಗಳವರು ಕರೆಯತೊಡಗಿದರು. ಹೋದ ವರ್ಷ ಹಿಂದಿನ ರಸ್ತೆಯ ಮನೆಯೊಂದರಲ್ಲಿ ಸೊಸೆ ಹೆತ್ತಿದ್ದಳು. ಅವ್ವ ಕೂಸಿಗೆ ನೀರು ಹಾಕಿ, ಒರೆಸಿ, ಎತ್ತಿ ಕೊಟ್ಟಳು. ಆಮೇಲೆ ಏಳಲು ಹೋದರೆ ಏಳಲಾಗಲಿಲ್ಲ. ಎಷ್ಟೋ ಹೊತ್ತು ಬಚ್ಚಲಲ್ಲೇ ಕೂತಿದ್ದಳಂತೆ. ಕೊನೆಗೆ ಆ ಮನೆಯ ಇಬ್ಬರು ಹೆಂಗಸರು ರಟ್ಟೆ ಹಿಡಿದು ಎತ್ತಿದರು. ಒದ್ದೆ ಸೀರೆಯಲ್ಲೇ ಮನೆಗೆ ಬಂದವಳು "ಅವರ ಮನೆ ಟೈಲ್ಸು ಜಾರ್ತಾವೆ" ಅಂದಳು, ಅಷ್ಟೇ. ಅವತ್ತಿನಿಂದ ನಮ್ಮ ಬಡಾವಣೆಯಲ್ಲಿ ಯಾರೂ ಅವಳನ್ನು ಕರೆಯಲಿಲ್ಲ. ಎಡ ಮಂಡಿ ಸವೆದಿದೆ, ನೆಲದ ಮೇಲೆ ಕೂರಲೇಬೇಡಿ ಅಂತ ಡಾಕ್ಟರು ಹೇಳಿ, ಮಂಡಿಗೆ ಹಾಕಿಕೊಳ್ಳುವ ಬೆಲ್ಟು ಬರೆದುಕೊಟ್ಟರು. ಅವ್ವ ಅದನ್ನು ಸೀರೆಯೊಳಗೆ ಕಟ್ಟಿಕೊಂಡು ಓಡಾಡುತ್ತಿದ್ದಳು. ಎದುರು ಮನೆಯಲ್ಲಿ ಇನ್ನೊಂದು ಹೆರಿಗೆಯಾದಾಗ ಬೇರೆ ಯಾರೋ ಬಂದು ಎರೆದು ಹೋದರು. ಅವ್ವ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ.

ನನ್ನ ತಂಗಿ ಇರುವುದು ಮೆಲ್ಬರ್ನ್‌ನಲ್ಲಿ. ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಅವಳಿಗೆ ಕೆಲಸ. ಹಾಸಿಗೆಯಿಂದ ಎಬ್ಬಿಸುವುದು, ಸ್ನಾನ ಮಾಡಿಸುವುದು, ಉಣಿಸುವುದು. ಗಂಡ ಬಸ್ ಓಡಿಸುತ್ತಾನೆ. ಮದುವೆಯಾಗಿ ಹನ್ನೊಂದು ವರ್ಷ ಕಾದ ಮೇಲೆ ನಲವತ್ತರ ಹತ್ತಿರ ಅವಳಿಗೆ ಹೆಣ್ಣು ಕೂಸು ಹುಟ್ಟಿತು. ಬಸಿರಿದ್ದಾಗಿನಿಂದಲೂ ಫೋನಿನಲ್ಲಿ ಒಂದೇ ಮಾತು: "ಅವ್ವ, ನೀನೇ ಬಂದು ಎರೀಬೇಕು." ವೀಸಾ ತಡವಾಗಿ, ನಾವು ಹೊರಡುವ ಹೊತ್ತಿಗೆ ಕೂಸಿಗೆ ಇಪ್ಪತ್ತು ದಿನ ಕಳೆದಿತ್ತು.

ಟಿಕೆಟ್ ಆದ ದಿನ ಅವ್ವ ನನ್ನನ್ನು ಅಡುಗೆಮನೆಗೆ ಕರೆದಳು.

"ನನ್ನ ಕಾಲಿನ ವಿಷ್ಯ ಆಕಿಗೆ ಹೇಳ್ಬ್ಯಾಡ."

"ಯಾಕ?"

"ಆಕಿ ಕೆಲಸನ ಮುದುಕರನ್ನ ಎತ್ತಾದು. ನಮ್ಮವ್ವನೂ ಹಂಗೇ ಆಗ್ಯಾಳೆ ಅಂತ ಗೊತ್ತಾದ್ರೆ ಕೂಸನ್ನ ನನ್ನ ಕಾಲ ಮ್ಯಾಲೆ ಬಿಡ್ತಾಳೇನು?"

ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಕೊಟ್ಟ ಮಾತು ಎಷ್ಟು ಭಾರ ಅಂತ ಆಗ ಗೊತ್ತಿರಲಿಲ್ಲ.

ಇನ್ನು ಟಿಕೆಟ್ಟಿನ ವಿಷಯ. ತೀರಾ ಅಗ್ಗದ್ದನ್ನೇ ಆರಿಸಿದವನು ನಾನು. ಸ್ವಲ್ಪ ಒಳ್ಳೆಯದನ್ನು ಮಾಡಿಸಿ ಅಂತ ಹೆಂಡತಿ ಹೇಳಿದಳು. "ಕೂತ್ಕಂಡು ಹೋಗಾದು ತಾನೆ, ನಡ್ಕಂಡು ಹೋಗ್ತೀವೇನು" ಅಂತ ಅವಳ ಬಾಯಿ ಮುಚ್ಚಿಸಿದೆ. ನನ್ನದು ಪಂಪ್‌ಸೆಟ್ ಸಾಮಾನಿನ ಅಂಗಡಿ. ಲೋಕಿಕೆರೆ ಕಡೆಯ ರೈತರು ನನ್ನ ಎದುರೇ "ಇವರ ಪಂಪಿಗಿಂತ ಇವರೇ ಬೇಗ ಬಿಸಿ ಆಗ್ತಾರೆ" ಅಂತ ನಗುತ್ತಾರೆ. ಸಿಟ್ಟು, ಅವಸರ, ಜಿಪುಣತನ ಮೂರೂ ನನ್ನವೇ, ಇಲ್ಲ ಅನ್ನುವುದಿಲ್ಲ. ಆ ವಿಮಾನದಲ್ಲಿ ಊಟವಿಲ್ಲ, ದಿಂಬಿಲ್ಲ, ಹೊದಿಕೆಯಿಲ್ಲ, ಕುಡಿಯುವ ನೀರನ್ನೂ ಕೊಳ್ಳಬೇಕು. ಕ್ವಾಲಾಲಂಪುರದಲ್ಲಿ ಇಳಿದು, ಕಾದು, ಇನ್ನೊಂದನ್ನು ಹತ್ತಬೇಕು. ಟಿಕೆಟ್ ಮಾಡುವಾಗ 'ವೀಲ್‌ಚೇರ್ ಬೇಕೇ' ಅನ್ನುವ ಕಡೆ ಹೌದು ಅಂತ ಒತ್ತಿದೆ. ಅವ್ವನ ಮೇಲಿನ ಕನಿಕರದಿಂದಲ್ಲ. ವೀಲ್‌ಚೇರಿನವರನ್ನು ಸಾಲಿನಲ್ಲಿ ನಿಲ್ಲಿಸುವುದಿಲ್ಲ ಅಂತ ಯಾರೋ ಹೇಳಿದ್ದರು.

ದಾವಣಗೆರೆಯಲ್ಲಿ ಮನೆ ಇಟ್ಟುಕೊಂಡು ರೈಲು ಹತ್ತಲು ಹರಿಹರಕ್ಕೆ ಹಿಂದೆ ಹೋಗುವ ಜನ ನಾವೊಬ್ಬರೇ ಇರಬೇಕು. ದೂರದ ಪ್ರಯಾಣ ಹರಿಹರದಿಂದಲೇ ಶುರುವಾಗಬೇಕು, ಹೊಳೆಗೆ ಕೈಮುಗಿದು ಹೊರಡಬೇಕು ಅಂತ ಅವ್ವನ ಹಟ. ಬೆಳಗಿನ ಜಾವ ಕಾರು ಮಾಡಿಕೊಂಡು ಹಿಂದಕ್ಕೆ ಹೋದೆವು. ತುಂಗಭದ್ರೆಯ ಮೆಟ್ಟಿಲು ಇಳಿಯಲು ಅವ್ವ ಹೋಗಲಿಲ್ಲ, ಮೇಲೆಯೇ ನಿಂತು ಕೈಮುಗಿದಳು. ಯಾವತ್ತೂ ಇಳಿದು ನೀರು ಮುಟ್ಟುತ್ತಿದ್ದವಳು. ನಾನು ವಾಚು ನೋಡಿಕೊಳ್ಳುವುದರಲ್ಲಿದ್ದೆ, ಅದನ್ನು ಗಮನಿಸಿದರೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ರೈಲು ಹೊರಟು ಕಾಲು ತಾಸಿಗೆಲ್ಲ ದಾವಣಗೆರೆಯಲ್ಲಿ ನಿಂತಿತು. ನೋಡಿದರೆ ಪ್ಲಾಟ್‌ಫಾರ್ಮಿನಲ್ಲಿ ನನ್ನ ಹೆಂಡತಿ ಒಂದು ಕೈಚೀಲ ಹಿಡಿದು ಓಡಿ ಬರುತ್ತಿದ್ದಾಳೆ. ಕಿಟಕಿಯಲ್ಲಿ ಚೀಲ ತೂರಿಸಿ, "ಅತ್ತೆ ಮಂಡಿ ಬೆಲ್ಟು ಮರೆತು ಬಂದಾರೆ" ಅಂದಳು. ಅವ್ವ ಮುಖ ಆ ಕಡೆ ತಿರುಗಿಸಿದಳು. ಅವಳೇನೂ ಮರೆತಿರಲಿಲ್ಲ, ಬೇಕಂತಲೇ ಬೀರುವಿನ ಹಿಂದೆ ತುರುಕಿ ಬಂದಿದ್ದಳು. ಬೆಲ್ಟು ಕಂಡರೆ ಮಗಳಿಗೆ ಗೊತ್ತಾಗುತ್ತದಲ್ಲ. ನಾನು ಅದನ್ನು ನನ್ನ ಬ್ಯಾಗಿನ ತಳಕ್ಕೆ ಹಾಕಿಕೊಂಡೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮೊದಲ ರಾದ್ಧಾಂತ ಮಂಡಕ್ಕಿಯದು. ತಂಗಿ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ತೂಕಕ್ಕೆ ಕಟ್ಟುನಿಟ್ಟು ಅಂತ ನಾನು ಹತ್ತು ಸಲ ಹೇಳಿದ್ದಕ್ಕೆ ಅವ್ವ ಒಂದು ಉಪಾಯ ಮಾಡಿದ್ದಳು: ಮಂಡಕ್ಕಿಗೆ ತೂಕವೆಲ್ಲಿದೆ? ಹಾಗಾಗಿ ಮನೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಚೀಲದ ತುಂಬ ಮಂಡಕ್ಕಿ. ತಕ್ಕಡಿಯಲ್ಲಿ ಅದು ಹೂವಿನಷ್ಟು ಹಗುರ ತೂಗಿತು. ನಾನೂ ಗೆದ್ದವನಂತೆ ಕೌಂಟರಿನ ಹುಡುಗಿಯ ಮುಖ ನೋಡಿದೆ. ಅವಳು ಒಂದು ಕಬ್ಬಿಣದ ಚೌಕಟ್ಟು ತೋರಿಸಿ, ಚೀಲ ಇದರೊಳಗೆ ಇಳಿಯಬೇಕು ಸಾರ್ ಅಂದಳು. ದಾವಣಗೆರೆಯವರಾದ ನಮಗೆ ಮಂಡಕ್ಕಿಯ ತೂಕ ಗೊತ್ತು. ಅಳತೆಯ ಯೋಚನೆಯೇ ಬಂದಿರಲಿಲ್ಲ. ಅದನ್ನು ಬಿಸಾಕು ಅಂತ ನಾನು ಅವ್ವನ ಮೇಲೆ ರೇಗಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಕೂಸಿಗೆಂದು ಹೊಲಿದು ತಂದಿದ್ದ ದೊಡ್ಡ ದಿಂಬಿನ ಚೀಲವನ್ನು ತೆಗೆದು, ಮಂಡಕ್ಕಿಯನ್ನೆಲ್ಲ ಅದಕ್ಕೆ ಸುರಿದು, ಬಾಯಿಗೆ ಗಂಟು ಹಾಕಿದಳು.

"ದಿಂಬು ತಗಂಡು ಹೋಗಬೌದೇನಮ್ಮಾ?"

"ದಿಂಬು ತಗೊಂಡ್ ಹೋಗಿ ಅಜ್ಜಿ," ಅಂತ ಹುಡುಗಿ ನಕ್ಕಳು.

ಅಷ್ಟರಲ್ಲಿ ಅವ್ವನ ಹೆಸರು ಕೂಗಿಕೊಂಡು ವೀಲ್‌ಚೇರಿನವನು ಬಂದ. ನಡುವಯಸ್ಸಿನ ಮನುಷ್ಯ, ಹಡಗಲಿ ಕಡೆಯವನಂತೆ. ಅವ್ವ ಒಮ್ಮೆ ಕುರ್ಚಿ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

"ಇದನ್ನ ಯಾರು ಹೇಳ್ಯಾರೆ?"

"ನಾನೇ. ಸಾಲಿನಾಗೆ ನಿಂದ್ರಾದು ತಪ್ಪುತೈತೆ ಅಂತ."

"ಹಂಗಾದ್ರೆ ನೀನೇ ಕೂತ್ಕ."

"ಕೂಡ್ರಿ ಅಮ್ಮಾರ, ಬಾಳ ದೂರ ನಡೀಬೇಕು," ಅಂದ ಅವನು. ಅವ್ವ ಅವನ ಮೇಲೆ ಸಿಟ್ಟಾಗಲಿಲ್ಲ. ಮಂಡಕ್ಕಿಯ ದಿಂಬನ್ನು ಕುರ್ಚಿಯ ಮೇಲೆ ಕೂರಿಸಿದಳು, ಅದರ ಮೇಲೆ ತನ್ನ ಕೈಚೀಲ ಇಟ್ಟಳು, ಹಿಂದೆ ಹೋಗಿ ಎರಡೂ ಹಿಡಿಕೆ ಹಿಡಿದು ತಾನೇ ನೂಕಿಕೊಂಡು ಹೊರಟಳು. ಅವನು ಅಯ್ಯಯ್ಯೋ ಅನ್ನುತ್ತ ಪಕ್ಕದಲ್ಲಿ ನಡೆದ. ಸ್ವಲ್ಪ ಹೊತ್ತಿಗೆ ಇಬ್ಬರೂ ಹಡಗಲಿಯ ಮಲ್ಲಿಗೆ ಹೂವಿನ ಮಾತಿಗೆ ಬಿದ್ದರು. ಜನ ನೋಡಿ ನಗುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವ್ವ ಹಿಡಿಕೆಯ ಮೇಲೆ ಭಾರ ಬಿಟ್ಟು, ಅದನ್ನೇ ಊರುಗೋಲು ಮಾಡಿಕೊಂಡು ನಡೆಯುತ್ತಿದ್ದಾಳೆ ಅಂತ ಹೊಳೆಯಲು ನನಗೆ ಮರುದಿನದ ತನಕ ಬೇಕಾಯಿತು.

ಮೊದಲ ವಿಮಾನದ ಬಗ್ಗೆ ಹೇಳುವಂಥದ್ದೇನಿಲ್ಲ, ಅವ್ವ ನಿದ್ದೆ ಮಾಡಿದಳು. ಕ್ವಾಲಾಲಂಪುರದಲ್ಲಿ ನಾಲ್ಕು ತಾಸು ಕಾದು, ಬೆಳಗ್ಗೆ ಎರಡನೆಯದನ್ನು ಹತ್ತಿದೆವು. ಎಂಟು ತಾಸಿನ ದಾರಿ. ಕಿಟಕಿಯ ಹತ್ತಿರ ಅವ್ವ, ನಡುವೆ ನಾನು, ಈ ಕಡೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಲಗಿದ ಒಬ್ಬ ದಢೂತಿ ಮನುಷ್ಯ. ಮುಂದಿನ ಸೀಟು ನನ್ನ ಮಂಡಿಗೆ ತಾಗುತ್ತಿತ್ತು. ಕಿಟಕಿಯಲ್ಲಿ ಮೋಡ ತೋರಿಸಿದರೆ ಅವ್ವ "ಹ್ಞೂಂ, ಐತೆ" ಅಂದಳು, ನೋಡಲಿಲ್ಲ. ದಿಂಬನ್ನು ತಬ್ಬಿಕೊಂಡು ನೆಟ್ಟಗೆ ಕೂತಿದ್ದಳು.

ಎರಡು ತಾಸು ಕಳೆದಿರಬೇಕು. ಹತ್ತುವ ಮುಂಚೆ ಕೊಂಡುಕೊಟ್ಟಿದ್ದ ನೀರಿನ ಬಾಟಲಿ ಮುಂದಿನ ಸೀಟಿನ ಜೇಬಿನಲ್ಲಿ ಮುಚ್ಚಳ ಒಡೆಯದೆ ಹಾಗೇ ಇತ್ತು. ಕ್ವಾಲಾಲಂಪುರದಲ್ಲಿಯೂ ಅವಳು ನೀರು ಕುಡಿದದ್ದು ನೆನಪಾಗಲಿಲ್ಲ.

"ಅವ್ವ, ನೀರು ಕುಡಿ."

"ಆಮ್ಯಾಲೆ."

"ಯಾವಾಗಿಂದ ಕುಡಿದಿಲ್ಲ?"

"ಕುಡೀತೀನಿ ಸುಮ್ಕಿರಪ್ಪ."

ಅವಳ ಚಪ್ಪಲಿ ನನ್ನ ಕಾಲಿಗೆ ಸಿಕ್ಕಿತು. ಎತ್ತಿಕೊಡಲು ಬಗ್ಗಿದೆ. ಅಲ್ಲಿ ಅವ್ವನ ಪಾದ ಕಂಡಿತು. ಕಾಲಿನ ಗಿಣ್ಣು ಎಲ್ಲಿ ಅಂತ ಗೊತ್ತಾಗದ ಹಾಗೆ ಊದಿಕೊಂಡಿತ್ತು. ಬೆರಳಿಟ್ಟು ಒತ್ತಿದರೆ ಗುಳಿ ಬಿದ್ದು ಹಾಗೇ ನಿಂತಿತು. ನನಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ನಾನು ಮಾಡುವುದು ಒಂದೇ, ಕೂಗಾಡುವುದು.

"ನೀರು ಕುಡೀದೆ ಇಲ್ಲೇ ಸಾಯಬೇಕಂತ ಮಾಡೀಯೇನು? ಏನಂತ ಹೇಳ್ಲಿ ಆಕಿಗೆ? ಚಪ್ಪಲಿನಾಗೆ ಕಾಲು ಹೋಗಾದಿಲ್ಲ, ಇನ್ನು ಎರೆಯಾದು ದೂರ ಉಳೀತು!"

ಪಕ್ಕದವನು ಹೆಡ್‌ಫೋನ್ ತೆಗೆದು ನೋಡಿದ. ಮುಂದಿನ ಸಾಲಿನಲ್ಲೊಬ್ಬರು ಎದ್ದು ತಿರುಗಿ ನೋಡಿದರು. ಅವ್ವ ದಿಂಬಿನ ಗಂಟನ್ನು ಬಿಚ್ಚಿ, ಮತ್ತೆ ಕಟ್ಟಿದಳು. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮಾತಾಡಿದಳು.

"ನೀರು ಕುಡಿದ್ರೆ ಏಳಬೇಕಾಗ್ತೈತೆ. ಇಷ್ಟು ಇಕ್ಕಟ್ಟಿನಾಗೆ ನಂಗೆ ಏಳಾಕ ಆಗಲ್ಲ. ಎಲ್ಲರ ಮುಂದೆ ಎತ್ತಿಸ್ಕಬೇಕಾಗ್ತೈತೆ."

ನಾನು ಚಪ್ಪಲಿಯನ್ನು ಸೀಟಿನ ಕೆಳಗೆ ಸರಿಸಿದೆ.

"ಅವತ್ತು ಟೈಲ್ಸು ಜಾರಲಿಲ್ಲಪ್ಪ. ಕಾಲಾಗೆ ಶಕ್ತಿನ ಇರ್ಲಿಲ್ಲ."

"ಗೊತ್ತವ್ವ."

"ಒಂದು ಸಲ. ಒಂದೇ ಸಲ ಆಕಿ ಕೂಸಿಗೆ ಎರದು ಬರ್ತೀನಿ. ಆಮ್ಯಾಲೆ ನೀವು ಎಲ್ಲಿ ಕೂರಿಸ್ತೀರೋ ಅಲ್ಲಿ ಕೂತ್ಕಂತೀನಿ."

ಕಾಲನ್ನು ಎತ್ತರದಲ್ಲಿಟ್ಟರೆ ಊತ ಇಳಿಯುತ್ತದೆ ಅಂತ ಎಲ್ಲೋ ಕೇಳಿದ್ದೆ. ಮಂಡಕ್ಕಿಯ ದಿಂಬನ್ನು ಅವಳ ಕೈಯಿಂದ ತೆಗೆದು ಕಾಲ ಕೆಳಗಿಡಲು ಹೋದೆ. ಅವ್ವ ಬೆಂಕಿ ತಾಗಿದವಳ ಹಾಗೆ ಕಾಲು ಎಳೆದುಕೊಂಡಳು.

"ಏನು ಮಾಡ್ತೀಯ? ತಿನ್ನಾ ಪದಾರ್ಥಕ್ಕೆ ಕಾಲಿಡ್ತಾರೇನು? ಅದೂ ಬಾಣಂತಿ ತಿನ್ನಾದು!"

ಇನ್ನುಳಿದದ್ದು ಒಂದೇ ದಾರಿ. ನಡುವಿನ ಕೈಪಟ್ಟಿ ಮೇಲೆತ್ತಿ, ಅವ್ವನನ್ನು ಕಿಟಕಿಗೆ ಬೆನ್ನು ಮಾಡಿ ತಿರುಗಿಸಿ, ಎರಡೂ ಕಾಲು ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಮಗನ ತೊಡೆ ಮೇಲೆ ಕಾಲಿಡುವುದೇ ಅಂತ ಅವಳು ಒದ್ದಾಡಿದಳು. ನಾನು ಬಿಡಲಿಲ್ಲ. ಪಾದವನ್ನು ಒತ್ತತೊಡಗಿದೆ. ಪಂಪಿನ ಪೈಪು ಬಿಗಿಸಿ ಬಿಗಿಸಿ ನನ್ನ ಕೈ ಒರಟು.

"ಹಂಗಲ್ಲ," ಅಂದಳು ಸ್ವಲ್ಪ ಹೊತ್ತಿನ ಮೇಲೆ. "ಕೆಳಗಿಂದ ಮ್ಯಾಲಕ್ಕೆ ತಿಕ್ಕು. ಅಂಗೈ ಪೂರ್ತಿ ಹಾಕು. ಕೂಸಿಗೆ ತಿಕ್ಕಿದಂಗೆ."

ಅವಳು ಹೇಳಿಕೊಟ್ಟಂತೆ ತಿಕ್ಕಿದೆ. ಹಬ್ಬದ ದಿನ ನಮಸ್ಕಾರಕ್ಕೆ ಬೆರಳು ತಾಗಿಸಿದ್ದು ಬಿಟ್ಟರೆ ನಾನು ಅವ್ವನ ಕಾಲು ಮುಟ್ಟಿದ ನೆನಪೇ ಇಲ್ಲ. ಇಷ್ಟು ಸಣ್ಣ ಕಾಲು ಅಂತಲೂ ಗೊತ್ತಿರಲಿಲ್ಲ. ಹರಿಹರದ ಅರ್ಧ ಓಣಿಯನ್ನು ಮಲಗಿಸಿಕೊಂಡ ಕಾಲು, ನನ್ನನ್ನೂ ಮಲಗಿಸಿಕೊಂಡ ಕಾಲು, ಎಲುಬಿನ ಮೇಲೆ ಬರೀ ಚರ್ಮ ಮತ್ತು ಊತ. ಒಂದಿಷ್ಟು ಹೆಚ್ಚು ಕೊಟ್ಟಿದ್ದರೆ ಅವಳು ಕಾಲು ಚಾಚಿ ಕೂರುವ ಸೀಟು ಸಿಗುತ್ತಿತ್ತು ಅನ್ನುವುದು ನೆನಪಾಗಿ ನನಗೆ ಅಳು ಬಂತು. ಪಕ್ಕದವನು ನೋಡುತ್ತಿದ್ದ, ನೋಡಲಿ ಅಂತ ಅತ್ತೆ. ಅವ್ವ ಬಾಟಲಿಯ ಮುಚ್ಚಳ ತಾನೇ ತಿರುಗಿಸಿ, ಅರ್ಧ ಬಾಟಲಿ ನೀರು ಗಟಗಟ ಕುಡಿದಳು.

ಆಮೇಲೆ ಏಳಬೇಕಾಯಿತು. ಎತ್ತುವ ಮೊದಲು ಕೇಳು ಅಂತ ಅವಳು, ಕೇಳಿದರೆ ಬೇಡ ಅನ್ನುತ್ತೀಯ ಅಂತ ನಾನು. ಪಕ್ಕದ ದಢೂತಿ ಮನುಷ್ಯ ತಾನಾಗಿಯೇ ಎದ್ದು ದಾರಿ ಬಿಟ್ಟು, ಅವ್ವ ತಿರುಗಿ ಬರುವ ತನಕ ನಿಂತೇ ಇದ್ದ. ಅವ್ವ ಎರಡೂ ಕಡೆ ಸೀಟಿನ ತಲೆ ಹಿಡಿದು, ಹೊಳೆ ದಾಟುವವಳಂತೆ ಒಂದೊಂದೇ ಹೆಜ್ಜೆ ಇಟ್ಟಳು. ಇಳಿಯುವ ಹೊತ್ತಿಗೆ ಮೂರು ಸಲ ಹೋಗಿ ಬಂದಿದ್ದಳು. ಚಪ್ಪಲಿ ಕಷ್ಟಪಟ್ಟು ಕಾಲಿಗೆ ಹತ್ತಿತು.

ಮೆಲ್ಬರ್ನ್‌ನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ವಿಮಾನದ ಬಾಗಿಲಲ್ಲೇ ವೀಲ್‌ಚೇರ್ ಕಾಯುತ್ತಿತ್ತು. ಮುಂದೆ ಕಣ್ಣು ಹಾಯುವಷ್ಟು ಉದ್ದದ ಓಣಿ. ಅವ್ವ ಓಣಿ ನೋಡಿದಳು, ಕುರ್ಚಿ ನೋಡಿದಳು.

"ಕೂತ್ಕಂತೀನಿ," ಅಂದಳು. "ಆದ್ರೆ ಕೊನೇ ಬಾಗಿಲ ತನ. ಅಲ್ಲಿ ನಾ ಇಳೀತೀನಿ. ನೀ ತಕರಾರು ಮಾಡಬಾರದು."

ಆಗಲಿ ಅಂದೆ. ಅವಳು ಕೂತಾಗ ಬಿಟ್ಟ ಉಸಿರು ಕೇಳಿ, ಎಷ್ಟು ನೋವು ನುಂಗಿದ್ದಾಳೆ ಅಂತ ಗೊತ್ತಾಯಿತು.

ತಪಾಸಣೆಯ ಮೇಜಿನಲ್ಲಿ ಒಬ್ಬ ಅಧಿಕಾರಿಣಿ ದಿಂಬನ್ನು ಒತ್ತಿದಳು. ಅದು ಕರಕರ ಅಂದಿತು. ಗಂಟು ಬಿಚ್ಚಿ ಒಳಗೆ ನೋಡಿದಳು, ಹಿಂದೆ ನಿಂತಿದ್ದವನನ್ನೂ ಕರೆದು ತೋರಿಸಿದಳು. ಅವ್ವ ಕೂತಲ್ಲಿಂದಲೇ ಒಂದು ಹಿಡಿ ಎತ್ತಿ "ತಿನ್ನಮ್ಮಾ, ಚಲೋ ಇರ್ತಾವೆ" ಅಂತ ನೀಡಿದಳು. ಆಕೆ ನಕ್ಕು ತಲೆಯಾಡಿಸಿ, ದಿಂಬನ್ನು ವಾಪಸ್ಸು ಕೊಟ್ಟಳು. ಕೂಸಿಗೆ ತೇಯ್ದು ನೆಕ್ಕಿಸಲು ತಂದಿದ್ದ ಬಜೆ ಬೇರನ್ನು ಮಾತ್ರ ತೆಗೆದಿಟ್ಟುಕೊಂಡರು. "ಹೋಗ್ಲಿ, ಅವರ ಮನೆ ಕೂಸಿಗಾದ್ರೂ ತೇಯ್ಲಿ," ಅಂದಳು ಅವ್ವ.

ಕೊನೆಯ ಬಾಗಿಲು ಬಂತು. ಅವ್ವ ಕೈ ಎತ್ತಿ ನಿಲ್ಲಿಸಿದಳು. ನನ್ನ ಹೆಗಲು ಹಿಡಿದು ಎದ್ದು, ಸೆರಗು ಸರಿ ಮಾಡಿಕೊಂಡು, ಬ್ಯಾಗುಗಳನ್ನೆಲ್ಲ ಕುರ್ಚಿಯ ಮೇಲೆ ಹಾಕಿಸಿದಳು. ಹಿಂದೆ ಹೋಗಿ ಹಿಡಿಕೆ ಹಿಡಿದಳು. ಬಾಗಿಲು ತೆರೆದುಕೊಂಡಿತು. ನಮ್ಮವ್ವ ಬೆನ್ನು ನೆಟ್ಟಗೆ ಮಾಡಿಕೊಂಡು ವೀಲ್‌ಚೇರ್ ನೂಕುತ್ತ ಹೊರಗೆ ಬಂದಳು.

ಕಂಬಿಯ ಆಚೆ ತಂಗಿ ನಿಂತಿದ್ದಳು. ಕೂಸು ಅವಳ ಗಂಡನ ಎದೆಗೆ ಕಟ್ಟಿದ ಬಟ್ಟೆಯಲ್ಲಿತ್ತು. ಅಮ್ಮ ಮಗಳು ತಬ್ಬಿಕೊಂಡು ಅತ್ತದ್ದೆಲ್ಲ ಆಯಿತು. ಆಮೇಲೆ ತಂಗಿ ಕೇಳಿದಳು:

"ಈ ವೀಲ್‌ಚೇರ್ ಯಾರಿಗೆ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಂದಳು: "ನಿಮ್ಮಣ್ಣಗೆ. ಪಾಪ, ಅವನಿಗೆ ಮಂಡಿ ನೋವು."

ಮಾತು ಕೊಟ್ಟಾಗಿತ್ತಲ್ಲ. ನಾನು ಅಲ್ಲಿಂದಲೇ ಕುಂಟತೊಡಗಿದೆ. ತಂಗಿ ನನ್ನನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ "ಅಣ್ಣ, ಕಾಲು ಮಡಚಬ್ಯಾಡ" ಅಂದಳು. ಮನೆಯಲ್ಲಿ ನನಗೆ ಎತ್ತರದ ಕುರ್ಚಿ, ಕಾಲಿಡಲು ಸ್ಟೂಲು, ಮಂಡಿಗೆ ಬಿಸಿನೀರಿನ ಚೀಲ. ಅವ್ವ ಕೂಸನ್ನು ಎತ್ತಿಕೊಂಡು ನನ್ನ ಎದುರಿಗೇ ಕೂತು, ಒಂದು ಚೂರೂ ನಗದೆ "ಚೆನ್ನಾಗಿ ಕಾಸ್ಕಪ್ಪ" ಅನ್ನುತ್ತಿದ್ದಳು. ತಂಗಿ ನನ್ನ ಬ್ಯಾಗು ಬಿಚ್ಚಿ ಬಟ್ಟೆ ತೆಗೆದಿಡುವಾಗ ತಳದಲ್ಲಿದ್ದ ಬೆಲ್ಟು ಸಿಕ್ಕಿತು. ಅದನ್ನು ಎತ್ತಿ ಹಿಡಿದು ನೋಡಿ, ಮಡಚಿ ಮೇಜಿನ ಮೇಲಿಟ್ಟಳು.

ರಾತ್ರಿ ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದೆ. ತಂಗಿ ಪಾತ್ರೆ ತೊಳೆಯುತ್ತಿದ್ದಳು. ತಿರುಗದೆಯೇ ಮೆಲ್ಲಗೆ ಹೇಳಿದಳು:

"ಅಣ್ಣ, ಆ ಬೆಲ್ಟು ನಿನ್ನ ಮಂಡಿಗೆ ಹತ್ತಾದೇ ಇಲ್ಲ. ಬಾಳ ಸಣ್ಣದೈತೆ."

ಲೋಟ ಕೆಳಗಿಟ್ಟು ನಿಂತೆ.

"ಬಾಗಿಲಾಗೇ ನೋಡಿದೆ, ಅವ್ವನ ಊದಿದ ಕಾಲಾಗೆ ಚಪ್ಪಲಿ ಬಾರು ಹೆಂಗೆ ಕೂತಿತ್ತು ಅಂತ. ನಂಗೆ ದಿನಾ ಅದೇ ಕೆಲಸ."

"ಎರೆಯಾದು ಬ್ಯಾಡ ಅನ್ನಬ್ಯಾಡ," ಅಂದೆ. ಬೇಡಿಕೊಂಡೆ ಅಂತಲೇ ಹೇಳಬೇಕು. "ಅದಕ್ಕೇ ಇಷ್ಟು ದೂರ ಬಂದಾಳೆ."

ಕೂಸು ಅತ್ತಿತು, ತಂಗಿ ಕೈ ಒರೆಸಿಕೊಂಡು ಹೋದಳು.

ಬೆಳಗ್ಗೆ ನಾನು ಏಳುವಷ್ಟರಲ್ಲಿ ಮನೆಯೆಲ್ಲ ಹರಳೆಣ್ಣೆಯ ವಾಸನೆ. ಅವ್ವ ಸೀರೆ ಎತ್ತಿ ಸಿಕ್ಕಿಸಿಕೊಂಡು ಕಡಲೆಹಿಟ್ಟು ಕಲಸುತ್ತಿದ್ದಳು. ಬಚ್ಚಲಿಗೆ ಹೋಗಿ ನೋಡಿದರೆ ನೆಲದ ಮೇಲೆ ದಪ್ಪನೆಯ ರಬ್ಬರ್ ಚಾಪೆ, ಗೋಡೆಗೆ ಒರಗಿ ಕೂರುವ ಹಾಗೆ ಒಂದು ಗಿಡ್ಡ ಸ್ಟೂಲು, ಅದರ ಮೇಲೆ ಮಡಚಿದ ಟವೆಲ್ಲು, ಬಲಗೈಗೆ ಸಿಗುವಂತೆ ನೀರಿನ ಬಕೆಟ್ಟು. ತಂಗಿ ಕೂಸನ್ನು ಹಿಡಿದು ನಿಂತಿದ್ದಳು.

"ನಾನೂ ಕಲ್ತ್ಕಬೇಕಲ್ಲವ್ವ, ಪಕ್ಕದಾಗೇ ಕೂತ್ಕಂತೀನಿ," ಅಂದಳು.

ಅವ್ವ ಅವಳ ಭುಜ ಹಿಡಿದು ಕೂತಳು. ಕಾಲು ನೀಡಿದಳು. ಎರಡನ್ನೂ ಜೋಡಿಸಿದಳು. ಕೂಸನ್ನು ಬೋರಲು ಮಲಗಿಸಿಕೊಂಡು ಬೆನ್ನಿಗೆ ಎಣ್ಣೆ ಹಾಕಿದಳು, ಅಂಗೈ ಪೂರ್ತಿ ಹಾಕಿ ಕೆಳಗಿಂದ ಮೇಲಕ್ಕೆ ತಿಕ್ಕಿದಳು. ತಿರುಗಿಸಿ ಮಲಗಿಸಿ, ಮೂಗು ತೀಡಿ, ನೆತ್ತಿ ತಟ್ಟಿ, ನೀರು ಸುರಿದಳು. ಕೂಸು ಮನೆಯೆಲ್ಲ ಒಂದು ಮಾಡಿ ಕಿರುಚಿತು. ಒದೆಯಿತು. ನಾನು ಬಾಗಿಲಲ್ಲಿ ನಿಂತು ಅವ್ವನ ಕಾಲನ್ನೇ ನೋಡುತ್ತಿದ್ದೆ. ಅಲ್ಲಾಡಲಿಲ್ಲ. ಆಮೇಲೆ ಕೂಸಿನ ಅಳು ನಿಂತಿತು, ನೀರು ಬೀಳುವ ಸಪ್ಪಳ ಮಾತ್ರ ಉಳಿಯಿತು. ಅವ್ವನ ಮುಖದಲ್ಲಿ ಹರಿಹರದ ಬಚ್ಚಲಿನ ಆ ಹಳೆಯ ಗತ್ತು ತಿರುಗಿ ಬಂದಿತ್ತು.

ಎರೆದದ್ದಾಯಿತು. ಕೂಸನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಅವ್ವ ಒಂದು ಕೈಯನ್ನು ನೆಲಕ್ಕೆ ಊರಿದಳು. ಮತ್ತೆ ತೆಗೆದಳು. ಏನೋ ಹುಡುಕುವವಳಂತೆ ಆ ಕಡೆ ಈ ಕಡೆ ನೋಡಿ, ಮತ್ತೆ ಕೈ ಊರಿದಳು. ನಾನು ಕೂಸಿನೊಂದಿಗೇ ಒಂದು ಹೆಜ್ಜೆ ಮುಂದಿಟ್ಟೆ. ತಂಗಿ ಕಣ್ಣಿನಲ್ಲೇ ಬೇಡ ಅಂದಳು. ಸರಿದು ಅವ್ವನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು.

"ಅವ್ವಾ, ನನ್ನ ಸ್ವಲ್ಪ ಎಬ್ಬಿಸು. ಹೊಲಿಗೆ ಹಾಕ್ಯಾರಲ್ಲ, ಒಬ್ಳಿಗೇ ಏಳಾಕ ಆಗಲ್ಲ."

"ಅಯ್ಯೋ ತಾಯಿ, ಹಿಡ್ಕ ನನ್ನ," ಅಂತ ಅವ್ವ ಎರಡೂ ಕೈ ಚಾಚಿ ಅವಳ ಕುತ್ತಿಗೆಯನ್ನು ಬಳಸಿದಳು. ತಂಗಿಯ ಕೈಗಳು ಅವ್ವನ ಸೊಂಟದ ಹಿಂದೆ ಹೋಗಿ ಒಂದನ್ನೊಂದು ಹಿಡಿದುಕೊಂಡವು. ಅವಳ ಪಾದ ಅವ್ವನ ಪಾದಕ್ಕೆ ಅಡ್ಡ ನಿಂತಿತು. ಒಂದು, ಎರಡು, ಮೂರು ಅಂತ ಎಣಿಸಿದಳು. ಇಬ್ಬರೂ ಎದ್ದು ನಿಂತರು. ಸ್ವಲ್ಪ ಹೊತ್ತು ಹಾಗೇ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು, ಇಬ್ಬರ ಬಟ್ಟೆಯಿಂದಲೂ ನೀರು ಇಳಿಯುತ್ತಿತ್ತು.

ಅವ್ವ ಗೋಡೆ ಹಿಡಿದು ನನ್ನ ಹತ್ತಿರ ಬಂದಳು. ಕೂಸಿನ ನೆತ್ತಿ ಮುಟ್ಟಿ ನೋಡಿ, ಮಗಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಹೇಳಿದಳು:

"ಹಸಿ ಬಾಣಂತಿ, ಪಾಪ, ಕೂತ್ರೆ ಏಳಾಕೂ ಆಗಲ್ಲ ಆಕಿಗೆ. ನಾ ಬಂದಿದ್ದು ಚಲೋ ಆತು ನೋಡು."

"ಹೌದವ್ವ," ಅಂದೆ.